ಅತ್ತೆಗಿಂತ ಮುದುಕಿಯಾದ ಸೊಸೆ

ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನಿನ ಸಣ್ಣತಾಯಮ್ಮನನ್ನು ಮೊದಲ ಸಲ ನೋಡಿದವರೆಲ್ಲ ಒಂದೇ ತಪ್ಪು ಮಾಡುತ್ತಿದ್ದರು. ಲಿವರ್‌ಮೋರ್ ದೇವಸ್ಥಾನದ ಊಟದ ಹಾಲ್‌ನಲ್ಲಿ ಯಾರಾದರೂ ಮರ್ಯಾದಸ್ಥರು ಆಕೆಗೆ ಕುರ್ಚಿ ಎಳೆದು ಕೊಟ್ಟು, "ನೀವು ಕೂತ್ಕೊಳ್ಳಿ ಅಜ್ಜಿ, ನಿಮ್ಮ ಸೊಸೆ ತಟ್ಟೆ ತರ್ತಾರೆ" ಅನ್ನುತ್ತಿದ್ದರು. ಸೊಸೆ ಅಂತ ಅವರು ಕೈ ತೋರಿಸುತ್ತಿದ್ದುದು ಬೋರಮ್ಮನ ಕಡೆಗೆ. ಅಯ್ಯೋ ಪುಣ್ಯಾತ್ಮರೇ, ಬೋರಮ್ಮ ಸೊಸೆಯಲ್ಲ, ಅತ್ತೆ! ಸಣ್ಣತಾಯಮ್ಮನ ಗಂಡ ಜಯರಾಮನನ್ನು ಹೆತ್ತ ತಾಯಿ!

ಬೋರಮ್ಮನಿಗೆ ಆಗ ಎಪ್ಪತ್ತರ ಹತ್ತಿರ. ಸೀರೆಯ ಕೆಳಗೆ ಬಿಳಿ ಸ್ನೀಕರ್ಸು ಹಾಕಿಕೊಂಡು ಬೆಳಗಾಗೆದ್ದು ಐರನ್ ಹಾರ್ಸ್ ಟ್ರೇಲಿನ ಕಾಲುದಾರಿಯಲ್ಲಿ ಬಿರಬಿರನೆ ನಡೆಯುತ್ತಿದ್ದಳು. ಎದುರಿಗೆ ಸಿಕ್ಕ ನಾಯಿಗಳಿಗೆಲ್ಲ ಮಂಡ್ಯದ ಕನ್ನಡದಲ್ಲೇ ಬುದ್ಧಿ ಹೇಳುತ್ತಿದ್ದಳು, ಅವು ಕೇಳುತ್ತಲೂ ಇದ್ದವು. ಕೂದಲು ಕಪ್ಪು, ಹಲ್ಲು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಕಿವಿ ಮಾತ್ರ ಸ್ವಲ್ಪ ಮಂದ. ಹಾಗಾಗಿ ಗುಟ್ಟಿನ ಮಾತನ್ನೂ ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ ಆಡುತ್ತಿದ್ದಳು.

ಸೊಸೆಗೆ ಇನ್ನೂ ಐವತ್ತು ತುಂಬಿರಲಿಲ್ಲ. ಆದರೆ ಮುಖ ಉಬ್ಬಿ ಬಿಳುಚಿಕೊಂಡಿತ್ತು, ಬಾಯಿಯ ಸುತ್ತ ನೂಲಿನಂಥ ಸುಕ್ಕುಗಳು, ಹುಬ್ಬು ಅರ್ಧ ಉದುರಿ ಹೋಗಿತ್ತು. ಜುಲೈ ತಿಂಗಳ ಬಿಸಿಲಿನಲ್ಲೂ ಮೈಮೇಲೆ ಎರಡು ಸ್ವೆಟರು, ಕಾಲಿಗೆ ಜಯರಾಮನ ಕಾಲುಚೀಲ. ನಾಲ್ಕು ಮೆಟ್ಟಿಲು ಹತ್ತಿದರೆ ಕೂತು ಸುಧಾರಿಸಿಕೊಳ್ಳಬೇಕು, ಕೂತರೆ ನಿದ್ದೆ. ಮಾತಿನ ಮಧ್ಯೆ ಮಾತು ಎಲ್ಲಿಗೆ ಹೊರಟಿತ್ತು ಅನ್ನುವುದನ್ನೇ ಮರೆತು, "ಏನೋ ಯೋಳ್ತಿದ್ನಲ್ಲಾ" ಎಂದು ಕೈ ಚೆಲ್ಲುತ್ತಿದ್ದಳು.

ತಪ್ಪು ಗೊತ್ತಾದ ಜನ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಬೋರಮ್ಮ ಅವತ್ತು ಪಾಯಸ ಎರಡು ಸಲ ಹಾಕಿಸಿಕೊಳ್ಳುತ್ತಿದ್ದಳು. ಸಣ್ಣತಾಯಮ್ಮನೂ ನಗುತ್ತಿದ್ದಳು. ನಗದೆ ಇನ್ನೇನು ಮಾಡುವುದು? ಕೋಪ ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

ಇದಕ್ಕೆಲ್ಲ ಕಾರಣವೇನು ಅಂತ ಬೋರಮ್ಮನನ್ನು ಕೇಳಿದರೆ ಒಂದೇ ಉತ್ತರ: ಮೊಸರನ್ನ.

ಆ ಕತೆ ಹೀಗೆ. ಸಣ್ಣತಾಯಮ್ಮನಿಗೆ ಇದ್ದವಳು ಒಬ್ಬಳೇ ಮಗಳು, ಸಿಂಧು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕಾದದ್ದು ಪದ್ಧತಿ, ಹಾಗೇ ಮಂಡ್ಯ ಕಡೆಯ ತವರು ಮನೆಯಲ್ಲೇ ಆಯಿತು. ಮಗು ಸುಖವಾಗಿ ಬಂತು, ಆದರೆ ತಾಯಿಗೆ ರಕ್ತ ನಿಲ್ಲಲಿಲ್ಲ. ಬಟ್ಟೆಯ ಮೇಲೆ ಬಟ್ಟೆ ತೊಯ್ದು ಹೋಗಿ, ಸಣ್ಣತಾಯಮ್ಮ ಜ್ಞಾನ ತಪ್ಪಿ, ಉಳಿಯುವುದಿಲ್ಲ ಅಂತಲೇ ಎಲ್ಲರೂ ಕೈಬಿಟ್ಟಿದ್ದರು. ಅವಳ ತಾಯಿ ಪುಟ್ಟಲಿಂಗಮ್ಮ ಕೈಬಿಡಲಿಲ್ಲ. ಮಗಳು ಕಣ್ಣು ಬಿಟ್ಟು ಒಣಗಿದ ನಾಲಿಗೆಯಲ್ಲಿ ನೀರು ಕೇಳಿದಾಗ, ಬಾಣಂತಿಗೆ ನೀರು ಕೊಡಬಾರದು ಅನ್ನುವುದನ್ನೆಲ್ಲ ಮೂಲೆಗೆ ತಳ್ಳಿ, ತೆಳ್ಳಗೆ ಮೊಸರನ್ನ ಕಲಸಿ, ಉಪ್ಪು ಹಾಕಿ, ತುತ್ತು ತುತ್ತಾಗಿ ಬಾಯಿಗಿಟ್ಟಳು. ಮೊಮ್ಮಗಳನ್ನು ನೋಡಲೆಂದು ಬಸ್ಸಿಳಿದು ಬಂದ ಬೋರಮ್ಮ ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡದ್ದು ಅದನ್ನೇ.

ಆಮೇಲೆ ಎದೆಯಲ್ಲಿ ಒಂದು ತೊಟ್ಟು ಹಾಲೂ ಬರಲಿಲ್ಲ. ಕೂದಲು ಉದುರಿತು, ಮೈಗೆ ಚಳಿ ಹಿಡಿಯಿತು, ಮಂಕು ಕವಿಯಿತು. "ಹಸೀ ಬಾಣಂತೀಗೆ ಮೊಸ್ರನ್ನ ಇಕ್ಕಿ ನನ್ ಸೊಸೆ ಮೈ ಕೆಡಿಸ್‌ಬುಟ್ಳು ಕಣ್ರವ್ವಾ, ಇವಳವ್ವ!" ಎಂದು ಬೋರಮ್ಮ ಮಂಡ್ಯದ ಸಂತೆಯಿಂದ ಹಿಡಿದು ಲಿವರ್‌ಮೋರ್ ದೇವಸ್ಥಾನದವರೆಗೆ ಸಾರಿಕೊಂಡು ಬಂದಳು. ಬೀಗಿತ್ತಿಯ ಹೆಸರನ್ನು ಮಾತ್ರ ಅವತ್ತಿನಿಂದ ಬಾಯಲ್ಲಿ ತೆಗೆಯಲಿಲ್ಲ, ಬರೀ "ಇವಳವ್ವ". ಪುಟ್ಟಲಿಂಗಮ್ಮನೂ ಸಾಯುವ ತನಕ ಬೀಗರ ಮನೆಯ ಹೊಸ್ತಿಲು ತುಳಿಯಲಿಲ್ಲ. ಮತ್ತೂ ಕೆಟ್ಟದ್ದೇನೆಂದರೆ, ಸಣ್ಣತಾಯಮ್ಮ ಅರ್ಧ ಅದನ್ನೇ ನಂಬಿದ್ದಳು. ಚಳಿ ಮೂಳೆಗಿಳಿದಾಗ ಮೊದಲು ಅವ್ವನ ಮೇಲೆ ಸಿಟ್ಟು ಬರುತ್ತಿತ್ತು, ಆಮೇಲೆ ಸತ್ತ ಅವ್ವನ ಮೇಲೆ ಸಿಟ್ಟಾದೆನಲ್ಲ ಅಂತ ಅಳು ಬರುತ್ತಿತ್ತು.

ಜಯರಾಮ್ ಮಂಡ್ಯದ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದವನು. ಅಕ್ಕನ ಸ್ಪಾನ್ಸರಿನಲ್ಲಿ ಸಂಸಾರ ಸಮೇತ ಬಂದು, ಓಕ್ಲ್ಯಾಂಡ್ ಬಂದರಿನಲ್ಲಿ ಕಂಟೇನರು ಎತ್ತುವ ದೊಡ್ಡ ಕ್ರೇನುಗಳ ರಿಪೇರಿಗೆ ಸೇರಿಕೊಂಡ. ಸಿಂಧು ಇಲ್ಲೇ ಹೈಸ್ಕೂಲು, ಕಾಲೇಜು ಮುಗಿಸಿ ಪ್ಲೆಸೆಂಟನ್ನಿನ ಒಂದು ಆಫೀಸಿನಲ್ಲಿ ಕೆಲಸ ಹಿಡಿದಳು. ಹಾಸನದ ಹುಡುಗ ಯೋಗಾನಂದನನ್ನು ಮದುವೆಯಾಗಿ ಅವನನ್ನೂ ಈ ಮನೆಗೇ ಕರೆದುಕೊಂಡು ಬಂದಳು. ಅದು ಎಲ್ಲವನ್ನೂ ವೆಬ್‌ಸೈಟಿನಲ್ಲಿ ಮಾರುತ್ತಿದ್ದ ಕಾಲ. ಯೋಗಾನಂದನ ಸ್ಟಾರ್ಟಪ್ಪು ಆರೋಗ್ಯ ಮಾರುತ್ತಿತ್ತು, ಅಂದರೆ ಗುಳಿಗೆ, ಪುಡಿ, ಸ್ಪ್ರೇ.

ತೊಂಬತ್ತೊಂಬತ್ತರ ಸೆಪ್ಟೆಂಬರಿನಲ್ಲಿ ಸಿಂಧು ಬಸುರಿ ಅಂತ ಗೊತ್ತಾಯಿತು. ಸಣ್ಣತಾಯಮ್ಮನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಮಗಳ ಬಾಣಂತನ ತಾಯಿಯದು, ಅದನ್ನು ಯಾವ ದೇಶದಲ್ಲಿದ್ದರೂ ಯಾರೂ ಕಿತ್ತುಕೊಳ್ಳುವ ಹಾಗಿಲ್ಲ. ಅವತ್ತೇ ಮೆಣಸು, ಓಮ, ಶುಂಠಿ ಹುರಿದು ಬಾಣಂತಿ ಖಾರ ಕುಟ್ಟಿಟ್ಟಳು. ಮುಂದಿನ ವಾರ ಮರೆತು ಮತ್ತೆ ಕುಟ್ಟಿದಳು. ಅದರ ಮುಂದಿನ ವಾರ ಮತ್ತೊಂದು ಸಲ. "ಏನಮ್ಮೀ, ಇಡೀ ಕ್ಯಾಲಿಫೋರ್ನಿಯಾಕ್ಕೇ ಬಾಣಂತನ ಮಾಡ್ತೀಯಾ?" ಎಂದು ಜಯರಾಮ್ ನಕ್ಕ.

ನಗು ಹೆಚ್ಚು ದಿನ ಉಳಿಯಲಿಲ್ಲ. ಒಂದು ಸಂಜೆ ತುಪ್ಪ ಕಾಯಿಸಲು ಒಲೆಯ ಮೇಲೆ ಬೆಣ್ಣೆ ಇಟ್ಟ ಸಣ್ಣತಾಯಮ್ಮ, ಅಲ್ಲೇ ಕುರ್ಚಿಯಲ್ಲಿ ಕೂತವಳು ಹಾಗೇ ನಿದ್ದೆ ಹೋದಳು. ಹೊಗೆ ಮನೆ ತುಂಬಿ, ಅಲಾರಮ್ಮು ಬಡಿದುಕೊಂಡು, ಫೈರ್ ಇಂಜಿನ್ನು ಬಂದು ನಿಂತಿತು. ಕೊಡಲಿ ಹಿಡಿದು ಒಳಗೆ ನುಗ್ಗಬಂದ ಆಜಾನುಬಾಹುಗಳನ್ನು ಬೋರಮ್ಮ ಬಾಗಿಲಲ್ಲೇ ತಡೆದು, "ಬೂಟು ಬುಟ್ಟು ಬನ್ರಪ್ಪಾ, ದೇವ್ರ ಮನೆ ಅದೆ" ಅಂದಳು. ಅವರು ಕೈಸನ್ನೆಯಲ್ಲೇ ಅರ್ಥ ಮಾಡಿಕೊಂಡು, ಪಾಪ, ಒಬ್ಬ ಬಿಚ್ಚಿಯೂ ಬಿಟ್ಟ. ಸುಟ್ಟದ್ದು ಒಂದು ಬಾಣಲೆ ಅಷ್ಟೇ. ಆದರೆ ಸಿಂಧುವಿನ ಮುಖ ಬಿಳುಪೇರಿತ್ತು.

ಮಾರನೆಯ ದಿನ ಅಡುಗೆಮನೆಯಲ್ಲಿ ಗಂಡ ಹೆಂಡತಿ ಮಾತಾಡಿಕೊಳ್ಳುತ್ತಿದ್ದರು. ಸಣ್ಣತಾಯಮ್ಮ ಹಾಲಿನ ಸೋಫಾದಲ್ಲಿ ಕಂಬಳಿ ಹೊದ್ದು ಮಲಗಿದ್ದಳು, ಮಲಗಿದ್ದಾಳೆ ಅಂತಲೇ ಅವರೂ ಅಂದುಕೊಂಡಿದ್ದರು.

"ಐ ಕಾಂಟ್ ಡೂ ಇಟ್, ಯೋಗಿ. ಅಮ್ಮನ ಕೈಗೆ ಮಗು ಕೊಡೋಕೆ ನಂಗೆ ಭಯ ಆಗುತ್ತೆ. ನೀರು ಹಾಕ್ತಾ ಹಾಕ್ತಾ ನಿದ್ದೆ ಹೋಗ್ಬಿಟ್ರೆ?"

"ನಮ್ಮಮ್ಮನ್ನ ಕರೆಸ್ತೀನಿ ಬಿಡು. ಬಾಣಂತನ ಅವ್ರೇ ಮಾಡ್ಲಿ. ನೀನು ಟೆನ್ಷನ್ ತಗೋಬೇಡ."

ಕಂಬಳಿಯ ಒಳಗೆ ಸಣ್ಣತಾಯಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಹಾಸನದಿಂದ ಬೀಗಿತ್ತಿ ಬಂದು ತನ್ನ ಮನೆಯಲ್ಲಿ, ತನ್ನ ಕಣ್ಣೆದುರಿಗೆ, ತನ್ನ ಮಗಳ ಬಾಣಂತನ ಮಾಡುವುದೇ! ಮಾನ ಹೋಗುವುದು ಒಂದು ಕಡೆಗಿರಲಿ. ಸಿಂಧು ಹುಟ್ಟಿದಾಗ ತೋಳಿನಲ್ಲಿ ಬಲವಿಲ್ಲದೆ ಆ ಕೂಸಿಗೆ ಒಂದು ದಿನವೂ ತಾನು ಎಣ್ಣೆ ನೀರು ಹಾಕಿರಲಿಲ್ಲ, ಹಾಲೂ ಕುಡಿಸಿರಲಿಲ್ಲ. ಎಲ್ಲ ಬೇರೆಯವರ ಕೈಯಲ್ಲೇ ಆಗಿ ಹೋಯಿತು. ಈಗ ಇದೂ ಬೇರೆಯವರ ಕೈಗೆ. ಮಗಳ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಮಗಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸಣ್ಣತಾಯಮ್ಮ ಕಂಬಳಿಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

ಯೋಗಾನಂದ ಕೆಟ್ಟವನಲ್ಲ. ತನ್ನ ಕಂಪನಿಯದೇ ಒಂದು ಸ್ಪ್ರೇ ತಂದು ಅತ್ತೆಯ ಕೈಗಿಟ್ಟ. "ಇದು ಪಿಟ್ಯುಟರಿ ಗ್ರಂಥಿಯ ಹಾರ್ಮೋನು ಅತ್ತೆ. ನಾಲಿಗೆ ಕೆಳಗೆ ಹೊಡ್ಕೊಂಡ್ರೆ ವಯಸ್ಸು ಹಿಂದೆ ಹೋಗುತ್ತೆ, ಮರೆವು ಹೋಗುತ್ತೆ. ಹಾಟ್ ಕೇಕಿನ ಹಾಗೆ ಮಾರ್ತಿದೀವಿ." ಸಣ್ಣತಾಯಮ್ಮ ಅದನ್ನು ಎಲ್ಲಿಟ್ಟೆ ಅಂತ ಮರೆತಳು. ಬೋರಮ್ಮ ಮರೆಯಲಿಲ್ಲ. ಹಲ್ಲುಜ್ಜಿದ ಮೇಲೆ ದಿನವೂ ಚುಸ್ ಚುಸ್ ಎಂದು ತಾನೇ ಹೊಡೆದುಕೊಂಡು ಬಾಟಲಿ ಖಾಲಿ ಮಾಡಿದಳು.

ಸಿಂಧುವಿನ ಚೆಕಪ್ಪಿಗೆ ಪ್ಲೆಸೆಂಟನ್ನಿನ ಕ್ಲಿನಿಕ್ಕಿಗೆ ಹೋಗಬೇಕಾಗಿತ್ತು. ಜಯರಾಮ್ ಕಾರು ತೆಗೆದ. ತಾಯಿ ಹೊರಟಳು, ಅತ್ತೆ ಸುಮ್ಮನಿರುತ್ತಾಳೆಯೇ? "ಮನೇಲೇ ನಿಂತಿರಕ್ಕೆ ನಾನೇನು ಫ್ರಿಜ್ಜಾ?" ಎಂದು ಬೋರಮ್ಮ ಸ್ನೀಕರ್ಸು ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತಳು.

ಕ್ಲಿನಿಕ್ಕಿನ ಡಾಕ್ಟರು ನಡುವಯಸ್ಸಿನ ಹೆಂಗಸು. ಬಸುರಿಯರನ್ನು ಕೇಳುವ ಪ್ರಶ್ನೆಗಳನ್ನೆಲ್ಲ ಕೇಳುತ್ತ, "ನಿನ್ನ ತಾಯಿಗೆ ಹೆರಿಗೆಯಲ್ಲಿ ಏನಾದರೂ ತೊಂದರೆ ಆಗಿತ್ತಾ? ರಕ್ತಸ್ರಾವ?" ಅಂದರು. ಸಿಂಧು ತಾಯಿಯ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ ಕೇಳಿದಳು. ಸಣ್ಣತಾಯಮ್ಮ ಹಣೆ ಸುಕ್ಕು ಮಾಡಿ ಯೋಚಿಸಿದಳು. ಏನೂ ಹೊಳೆಯಲಿಲ್ಲ. ಆದರೆ ಬೋರಮ್ಮನಿಗೆ ಮೊಮ್ಮಗಳು ಕನ್ನಡದಲ್ಲಿ ಕೇಳಿದ್ದು ಅಷ್ಟೋ ಇಷ್ಟೋ ಕಿವಿಗೆ ಬಿದ್ದಿತ್ತು.

"ಅವಳ್ನೇನ್ ಕೇಳೀಯೆ, ನನ್ ಕೇಳು!" ಎಂದು ಅವಳು ಕುರ್ಚಿಯ ಅಂಚಿಗೆ ಬಂದಳು. ಶುರುವಾಯಿತು ನೋಡಿ. ನೆಲವೆಲ್ಲ ರಕ್ತವಾಗಿದ್ದು, ಸತ್ತೇ ಹೋದಳು ಅಂದುಕೊಂಡಿದ್ದು, ಮೊಸರನ್ನ, ಇವಳವ್ವ. "ಓ ಮೈ ಗಾಡ್ ಅಜ್ಜಿ, ಇಲ್ಲಿ ಬೇಡ" ಎಂದು ಸಿಂಧು ತಲೆ ತಗ್ಗಿಸಿದಳು. ಹುಟ್ಟಿದಾಗಿನಿಂದ ಕೇಳಿ ಕೇಳಿ ಬಾಯಿಪಾಠವಾಗಿದ್ದ ಕತೆ. ಆದರೂ ಡಾಕ್ಟರು ಕೇಳಿದ್ದರಿಂದ, ನಾಚಿಕೆಪಡುತ್ತಲೇ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಸಿಂಧುವನ್ನು ಬಿಟ್ಟು ಬೋರಮ್ಮನ ಕಡೆ ತಿರುಗಿ ಕೂತರು. ಅವರು ಕೇಳಿದ್ದನ್ನೆಲ್ಲ ಸಿಂಧು ಜೋರಾಗಿ ಕನ್ನಡಕ್ಕಿಳಿಸಿದಳು.

"ಆಮೇಲೆ ಎದೆಹಾಲು ಬಂತಾ?"

"ಒಂದು ತೊಟ್ಟಿಲ್ಲ ಕಣವ್ವಾ. ಹಸುವಿನ್ ಹಾಲು ಕುಡ್ಸಿ ಬೆಳೆಸ್ದೊ ಈ ಕೂಸ್ನ."

"ತಿಂಗಳ ಮುಟ್ಟು?"

"ಅವತ್ತಿಂದ ಹೊರಗಾಗೇ ಇಲ್ಲ. ಇನ್ನೊಂದು ಗಂಡುಕೂಸಾಗ್ಲಿ ಅಂತ ನಾನು ಹೊರದ ಹರಕೆ ಇಲ್ಲ."

"ಚಳಿ ಜಾಸ್ತಿ ಆಗುತ್ತಾ? ಕೂದಲು ಉದುರಿತಾ? ನಿದ್ದೆ? ಮರೆವು?"

ಒಂದೊಂದು ಪ್ರಶ್ನೆಗೂ ಬೋರಮ್ಮನ ಕಣ್ಣು ಅಗಲವಾಗುತ್ತ ಹೋಯಿತು. ಇಷ್ಟು ವರ್ಷ ಈ ಕತೆಯನ್ನು ಕೊನೆಯ ತನಕ ಕೇಳಿದವರು ಒಬ್ಬರೂ ಇರಲಿಲ್ಲ. ಇಲ್ಲಿ ನೋಡಿದರೆ ಬಿಳಿ ಕೋಟಿನ ಹೆಂಗಸು ತಾನು ಹೇಳುವ ಮೊದಲೇ ಮುಂದಿನದನ್ನು ಕೇಳುತ್ತಿದ್ದಾಳೆ! "ನೋಡುದ್ಯಾ ಜಯರಾಮಾ," ಎಂದು ಅವಳು ಗೆದ್ದವಳ ಹಾಗೆ ಮಗನನ್ನು ತಿವಿದಳು, "ಅಮೆರಿಕದ ಡಾಕ್ಟ್ರಿಗೂ ಗೊತ್ತು, ಮೊಸ್ರನ್ನ ಇಕ್ಕುದ್ರೆ ಹಿಂಗೇ ಆಯ್ತದೆ ಅಂತ!"

ಡಾಕ್ಟರು ಎದ್ದು ಬಂದು ಸಣ್ಣತಾಯಮ್ಮನ ತಣ್ಣಗಿನ ಕೈ ಹಿಡಿದರು, ನಾಡಿ ನೋಡಿದರು, ಬೀಪಿ ನೋಡಿ ತುಟಿ ಬಿಗಿದರು. ಹಿಂದೆ ಬೇರೊಂದು ಕಡೆ ತೋರಿಸಿದಾಗ ಥೈರಾಯ್ಡ್ ಟೆಸ್ಟು ಸರಿಯಾಗೇ ಬಂದಿತ್ತು, ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ಕೊಟ್ಟಿದ್ದರು ಎಂದು ಸಿಂಧು ಹೇಳಿದಳು. "ಆ ಟೆಸ್ಟು ಇವರ ವಿಷಯದಲ್ಲಿ ಮೋಸ ಮಾಡುತ್ತೆ" ಎಂದು ಡಾಕ್ಟರು ಗ್ರಂಥಿಗಳ ಸ್ಪೆಷಲಿಸ್ಟಿಗೆ ಅಲ್ಲೇ ಫೋನು ಮಾಡಿದರು. ಚೆಕಪ್ಪಿಗೆ ಬಂದ ಬಸುರಿ ಮೂಲೆಯಲ್ಲಿ ಕೂತಿದ್ದಳು. ತಾಯಿಗೆ ಚೀಟಿ ಸಿಕ್ಕಿತು.

ಓಕ್ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ರಕ್ತ ತೆಗೆದರು, ತಲೆಯ ಸ್ಕ್ಯಾನು ತೆಗೆದರು. ಆ ವಾರವೇ ಸ್ಪೆಷಲಿಸ್ಟು ಇಡೀ ಸಂಸಾರವನ್ನು ಎದುರಿಗೆ ಕೂರಿಸಿಕೊಂಡು ಚಿತ್ರ ತೋರಿಸಿದರು. ಮಿದುಳಿನ ಬುಡದಲ್ಲಿ ಮೂಳೆಯ ಒಂದು ಪುಟ್ಟ ಗೂಡು. ಅದರಲ್ಲಿ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿ ಇರಬೇಕು, ಅದೇ ಪಿಟ್ಯುಟರಿ. ಸಣ್ಣತಾಯಮ್ಮನ ಗೂಡು ಹೆಚ್ಚುಕಡಿಮೆ ಖಾಲಿ ಇತ್ತು.

"ಇದು ಚಿಕ್ಕದು, ಆದರೆ ಮೈಗೆಲ್ಲ ಹುಕುಂ ಹೋಗುವುದು ಇಲ್ಲಿಂದ" ಎಂದು ಅವರು ನಿಧಾನವಾಗಿ ವಿವರಿಸಿದರು. ಎದೆಗೆ ಹಾಲು ತಯಾರಿಸು ಅನ್ನುವುದು ಇದೇ, ತಿಂಗಳು ತಿಂಗಳಿನ ಮುಟ್ಟು ನಡೆಸುವುದೂ ಇದೇ. ಕುತ್ತಿಗೆಯ ಥೈರಾಯ್ಡಿಗೆ ಉಂಡದ್ದನ್ನು ಉರಿಸಿ ಮೈ ಬೆಚ್ಚಗಿಡು ಅಂತಲೂ, ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗೆ ಕಸುವು ಕೊಡು ಅಂತಲೂ ಹೇಳಿ ಕಳಿಸುವುದು ಇದೇ. ಬಸುರಿನಲ್ಲಿ ಈ ಗ್ರಂಥಿ ಊದಿಕೊಂಡಿರುತ್ತದೆ. ಆ ಹೊತ್ತಿನಲ್ಲಿ ರಕ್ತ ವಿಪರೀತ ಹೋದರೆ ಇದಕ್ಕೆ ರಕ್ತ ಸಾಲದೆ ಒಣಗಿ ಹೋಗುತ್ತದೆ. ಹುಕುಂ ನಿಂತ ಮೇಲೆ ಮೈಯ ಕೆಲಸವೆಲ್ಲ ಮಂದ. ಚಳಿ, ನಿದ್ದೆ, ಮರೆವು, ಕಾಲಕ್ಕೆ ಮುಂಚಿನ ಮುಪ್ಪು ಎಲ್ಲ ಅದರಿಂದಲೇ. ಹಳೆಯ ಟೆಸ್ಟು ಅಳೆದದ್ದು ಥೈರಾಯ್ಡಿಗೆ ಹೋಗುವ ಹುಕುಮನ್ನು ಮಾತ್ರ, ಥೈರಾಯ್ಡು ಮಾಡುವ ಕೆಲಸವನ್ನಲ್ಲ. "ಇವರಿಗೆ ಅರಳುಮರಳಲ್ಲ, ವಯಸ್ಸೂ ಆಗಿಲ್ಲ. ಇವರ ದೇಹ ಹುಕುಂಗೆ ಕಾಯ್ತಾ ಕೂತಿದೆ ಅಷ್ಟೇ."

ಜಯರಾಮ್ ತೊಡೆ ತಟ್ಟಿದ. "ಅಯ್ಯೋ ಶಿವನೇ! ಕ್ರೇನಿನ ಮೋಟ್ರು ಸರಿಯಾಗೇ ಅದೆ, ಕ್ಯಾಬಿನ್ನಲ್ಲಿ ಆಪರೇಟ್ರೇ ಇಲ್ಲ! ಹಳೇ ಡಾಕ್ಟ್ರು ಆರ್ಡ್ರು ಚೀಟಿ ಮಾತ್ರ ನೋಡವ್ರೆ, ಕೆಲ್ಸ ಆಗ್ತಾ ಅದಾ ಅಂತ ನೋಡ್ಲೇ ಇಲ್ಲ." ಸಿಂಧು ಅದನ್ನು ಇಂಗ್ಲಿಷಿಗಿಳಿಸಿದಾಗ ಸ್ಪೆಷಲಿಸ್ಟು ನಕ್ಕು, ಮುಂದೆ ತಾವೂ ಹಾಗೇ ಹೇಳುವುದಾಗಿ ಅಂದರು. ಯೋಗಾನಂದ ಮೆಲ್ಲಗೆ ಸ್ಪ್ರೇ ವಿಷಯ ಎತ್ತಿದ. "ಬೆಳವಣಿಗೆಯ ಹಾರ್ಮೋನೂ ಇದೇ ಗ್ರಂಥಿಯದು, ನಿಜ. ಆದರೆ ಅದು ಪ್ರೋಟೀನು. ಬಾಯಿಂದ ಹೋದರೆ ಬೇಳೆಯ ಹಾಗೆ ಅರಗಿ ಹೋಗುತ್ತೆ. ಬೇಕಾದವರಿಗೆ ಇಂಜೆಕ್ಷನ್ನೇ ಕೊಡಬೇಕು, ಇವರಿಗೆ ಬೇಕೋ ಬೇಡವೋ ಮುಂದೆ ನೋಡೋಣ."

ಆಗ ಸಣ್ಣತಾಯಮ್ಮ ಮಗಳ ಮುಂಗೈ ಹಿಡಿದುಕೊಂಡಳು. "ಕೇಳವ್ವಾ, ಅವ್ರನ್ನ. ಮೊಸ್ರನ್ನದಿಂದ ಆಯ್ತಾ ಅಂತ ಕೇಳು."

"ಅಮ್ಮಾ, ಪ್ಲೀಸ್..."

"ಕೇಳು."

ಸಿಂಧು ಕೇಳಿದಳು. ಸ್ಪೆಷಲಿಸ್ಟಿಗೆ ಮೊದಲು ಅರ್ಥವೇ ಆಗಲಿಲ್ಲ. ಮೊಸರು, ಅನ್ನ, ನೀರು, ಉಪ್ಪು ಎಂದು ಬಿಡಿಸಿ ಹೇಳಿದ ಮೇಲೆ ಅವರು ನೇರವಾಗಿ ಸಣ್ಣತಾಯಮ್ಮನನ್ನು ನೋಡಿ ಮಾತಾಡಿದರು. "ಅಷ್ಟು ರಕ್ತ ಹೋದವರಿಗೆ ಬೇಕಾದ್ದೇ ನೀರು ಮತ್ತು ಉಪ್ಪು. ಅದರಿಂದ ಏನೂ ಕೆಡಲಿಲ್ಲ. ಬಹುಶಃ ಅದು ನಿಮ್ಮ ಜೀವ ಉಳಿಸಿತು. ಯಾರು ಕೊಟ್ಟರು?"

"ನಮ್ಮವ್ವ" ಅಂದಳು ಸಣ್ಣತಾಯಮ್ಮ. ಅಂದದ್ದೇ ತಡ, ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು.

ಬೋರಮ್ಮನಿಗೆ ಸರಿಯಾಗಿ ಕೇಳಿಸಿರಲಿಲ್ಲ. "ಏನಂತೆ? ಏನಂತೆ?" ಎಂದು ಮೊಮ್ಮಗಳ ಸೆರಗು ಜಗ್ಗಿದಳು. ಸಿಂಧು ಅಜ್ಜಿಯ ಕಿವಿಗೆ ಬಾಯಿಟ್ಟು, ಒಂದೊಂದೇ ಮಾತು, ಜೋರಾಗಿ ಹೇಳಿದಳು. ಮನೆಗೆ ಬರುವ ಆರುನೂರೆಂಬತ್ತರ ಫ್ರೀವೇ ಉದ್ದಕ್ಕೂ ಬೋರಮ್ಮ ಒಂದು ಮಾತೂ ಆಡಲಿಲ್ಲ. ಹಾಗಾದದ್ದು ಅದೇ ಮೊದಲು. ಜಯರಾಮ್ ಹೆದರಿ ಎರಡು ಸಲ ಪಕ್ಕಕ್ಕೆ ತಿರುಗಿ, ಉಸಿರಾಡುತ್ತಿದ್ದಾಳೆಯೇ ಅಂತ ನೋಡಿದ.

ಮೊದಲು ಅಡ್ರಿನಲ್ ಗ್ರಂಥಿಯ ಕೊರತೆಗೆ ಮಾತ್ರೆ, ಅದು ಮೈಗೆ ಹತ್ತಿದ ಮೇಲೆ ಥೈರಾಯ್ಡಿನದು. ಹಿಂದುಮುಂದು ಮಾಡಬಾರದು, ಬದುಕಿರುವ ತನಕ ನಿಲ್ಲಿಸಬಾರದು, ಜ್ವರ ಬಂದರೆ ಡೋಸು ಹೆಚ್ಚಿಸಬೇಕು ಅಂತ ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಜಯರಾಮ್ ಕ್ರೇನಿಗೆ ಗ್ರೀಸು ಹಾಕುವ ಶ್ರದ್ಧೆಯಿಂದ ಬೆಳಗ್ಗೆ ಸಂಜೆ ಹೆಂಡತಿಗೆ ತಾನೇ ಮಾತ್ರೆ ಕೊಟ್ಟ.

ಮೊದಲು ಬಂದದ್ದು ಹಸಿವು. ಸಣ್ಣತಾಯಮ್ಮ ಒಂದು ಮುದ್ದೆ ಉಂಡು ಇನ್ನೊಂದಕ್ಕೆ ಕೈ ಚಾಚಿದಾಗ ಜಯರಾಮ್ ಕಣ್ಣೊರೆಸಿಕೊಂಡ. ದೀಪಾವಳಿ ಹೊತ್ತಿಗೆ ಒಂದು ಸ್ವೆಟರು ಹೋಯಿತು, ಸಂಕ್ರಾಂತಿ ಹೊತ್ತಿಗೆ ಇನ್ನೊಂದು. ಮುಖದ ಊತ ಇಳಿದು, ಒಳಗೆಲ್ಲೋ ಅಡಗಿದ್ದ ಹೆಂಗಸು ಹೊರಗೆ ಬಂದಳು. ಮರೆತದ್ದೆಲ್ಲ ಒಂದೊಂದಾಗಿ ಹೊಳೆಯತೊಡಗಿತು. ಮೂರನೆಯ ಸಲ ಕುಟ್ಟಿದ ಖಾರದ ಡಬ್ಬಿ ಅಕ್ಕಿ ಮೂಟೆಯ ಹಿಂದೆ ಇದೆ ಅಂತ ಒಂದು ಬೆಳಗ್ಗೆ ತಾನೇ ಹೇಳಿ ತಾನೇ ತೆಗೆದಳು. ಸುಕ್ಕು ಹಾಗೇ ಉಳಿಯಿತು, ಉದುರಿದ ಹುಬ್ಬು ಪೂರ್ತಿ ಬರಲಿಲ್ಲ, ಉಳಿಯಲಿ ಬಿಡಿ. ಸಿಟ್ಟೂ ಬಂತಲ್ಲ! ಸಾರಿಗೆ ಎರಡನೇ ಸಲ ಉಪ್ಪು ಸುರಿಯಲು ಬಂದ ಅತ್ತೆಗೆ ಒಂದು ದಿನ, "ಸುಮ್ನೆ ಆಚೆಗೋಗಿ ಕುಂತ್ಕಳಿ ಅತ್ತೆಮ್ಮಾ, ಇದು ನನ್ ಅಡ್ಗೆಮನೆ!" ಎಂದು ಗದರಿಬಿಟ್ಟಳು.

ಬೋರಮ್ಮ ಹಾಲಿಗೆ ಓಡಿಬಂದು, "ಲೋ ಜಯರಾಮಾ, ನನ್ ಸೊಸೆ ಬೈದ್ಲು ಕಣ್ಲಾ ನನ್ನ! ಸರಿಯಾಗಿ ಬೈದ್ಲು!" ಎಂದು ಹಬ್ಬದ ಸುದ್ದಿ ಹೇಳುವವಳ ಹಾಗೆ ಹೇಳಿದಳು. ದೇವಸ್ಥಾನದಲ್ಲಿ ಯಾರಾದರೂ ಹಳೆಯ ಕತೆ ಎತ್ತಿದರೆ ಮಾತ್ರ, "ಅದೇನೋ ತಲೆ ಒಳಗಿಂದಂತೆ" ಎಂದು ಮಾತು ಹೊರಳಿಸುತ್ತಿದ್ದಳು. ಅದರಾಚೆ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಸಣ್ಣತಾಯಮ್ಮನೂ ಕೇಳಲಿಲ್ಲ.

ಅವಳ ಜೀವ ಇನ್ನೊಂದು ಕಡೆ ತೂಗಾಡುತ್ತಿತ್ತು. ಬಾಣಂತನ ಯಾರದು? ಸಿಂಧು ಅದರ ಬಗ್ಗೆ ತುಟಿ ಬಿಚ್ಚಲಿಲ್ಲ. ಹಾಸನದ ಬೀಗಿತ್ತಿಗೆ ವೀಸಾ ಆಗಿತ್ತು, ಏಪ್ರಿಲ್‌ಗೆ ಟಿಕೆಟು ಹುಡುಕುತ್ತಿರುವ ಸುದ್ದಿಯೂ ಇತ್ತು. "ಕೇಳ್ಬುಡಮ್ಮೀ" ಅಂದ ಜಯರಾಮ್. "ಭಯ ಬಿದ್ದವ್ಳೆ, ಬಿಡಿ. ನಾನ್ ಕೇಳಿ ಅವಳು ಹೂಂ ಅಂದ್ರೆ ಅದು ನನ್ ಮೇಗ್ಳ ಕನಿಕರಕ್ಕೆ. ಅದು ಬ್ಯಾಡ ನಂಗೆ" ಅಂದಳು ಸಣ್ಣತಾಯಮ್ಮ.

ಕೂಸು ಯಾರ ಟಿಕೆಟಿಗೂ ಕಾಯಲಿಲ್ಲ. ಮಾರ್ಚಿನಲ್ಲೇ, ಹೇಳಿದ್ದಕ್ಕಿಂತ ಸ್ವಲ್ಪ ಮುಂಚೆ ಬಂದುಬಿಟ್ಟಿತು. ಹೆಣ್ಣು. ರಕ್ತ ಹೆಚ್ಚು ಹೋಗದ ಹಾಗೆ ಡಾಕ್ಟರು ಎಚ್ಚರದಿಂದ ನೋಡಿಕೊಂಡರು. ಮೂರನೆಯ ದಿನಕ್ಕೆ ಸಿಂಧುವಿಗೆ ಸೊಗಸಾಗಿ ಹಾಲು ಬಂತು. ಮಗು ಎದೆ ಚೀಪುವುದನ್ನು ಸಣ್ಣತಾಯಮ್ಮ ಬಾಗಿಲಲ್ಲಿ ನಿಂತು ನೋಡಿದ್ದೇ ನೋಡಿದ್ದು.

ಹೊಕ್ಕುಳು ಬಿದ್ದ ಮೇಲೆ ಮೊದಲ ಎಣ್ಣೆ ನೀರು. ಸಣ್ಣತಾಯಮ್ಮ ಬೆಳಗ್ಗೆಯೇ ಮಾತ್ರೆ ನುಂಗಿ, ಸೀರೆ ಎತ್ತಿ ಕಟ್ಟಿ, ಬಾತ್‌ರೂಮಿನ ನೆಲದಲ್ಲಿ ಮಣೆ ಹಾಕಿ, ಕಾಲು ನೀಡಿ ಕೂತಳು. ಜಯರಾಮ್ ಹಿಂದಿನ ದಿನವೇ ಗೋಡೆಗೆ ಹಿಡಿಕೆ ಜಡಿದಿದ್ದ. ಸಿಂಧು ಮಗುವನ್ನು ಎದೆಗೊತ್ತಿಕೊಂಡು ಬಾಗಿಲಲ್ಲಿ ನಿಂತಳು, ಕೊಡಲಾರಳು, ಕೊಡದಿರಲಾರಳು.

"ಅಮ್ಮಾ... ಆರ್ ಯೂ ಶೂರ್?"

"ನೀ ಅಲ್ಲೇ ಕುಂತ್ಕಂಡು ನೋಡು ಮಗಾ. ನಿಂಗೆ ಸರಿ ಕಾಣ್ದಿದ್ರೆ ಎತ್ಕ."

ಸಿಂಧು ಮಗುವನ್ನು ತಾಯಿಯ ನೀಡಿದ ಕಾಲುಗಳ ಮೇಲೆ ಮಲಗಿಸಿ, ಬಾಗಿಲ ಚೌಕಟ್ಟಿಗೆ ಒರಗಿ ಕೂತಳು, ಎರಡೂ ಕೈ ಮುಂದಕ್ಕೇ ಚಾಚಿಕೊಂಡು. ಸಣ್ಣತಾಯಮ್ಮ ಎಣ್ಣೆಗೆ ಕೈ ಅದ್ದಿದಳು. ಜೀವನದಲ್ಲಿ ಒಂದು ಕೂಸಿಗೂ ನೀರು ಹಾಕಿದವಳಲ್ಲ. ಆದರೆ ತಂಗಿಯರಿಗೆ ಅವ್ವ ನೀರು ಹಾಕುತ್ತಿದ್ದುದು, ನೆತ್ತಿಗೆ ತಟ್ಟುತ್ತಿದ್ದುದು, ಬೆರಳಿನಿಂದ ಮೂಗು ನೀವುತ್ತಿದ್ದುದು, ಅಂಗೈಯನ್ನು ಹಣೆಗೆ ಅಡ್ಡ ಹಿಡಿದು ಕಣ್ಣಿಗೆ ನೀರು ಬೀಳದ ಹಾಗೆ ಹುಯ್ಯುತ್ತಿದ್ದುದು ಎಲ್ಲ ನಿನ್ನೆ ನೋಡಿದ ಹಾಗೆ ನೆನಪಾಯಿತು. ಕೈ ತಾನಾಗಿ ನಡೆಯಿತು. ಮಗು ಮೊದಲು ಚೀರಿತು, ಆಮೇಲೆ ಬಿಸಿನೀರಿನ ಸುಖಕ್ಕೆ ಕಣ್ಣು ಮುಚ್ಚಿ ಬಾಯಿ ಚಪ್ಪರಿಸಿತು. ಬೋರಮ್ಮ ಸಾಂಬ್ರಾಣಿ ಕೆಂಡ ಹಿಡಿದು ನಿಂತವಳು ಒಂದು ತಪ್ಪಾದರೂ ಸಿಗಲಿ ಅಂತ ನೋಡಿದಳು. ಸಿಗಲಿಲ್ಲ.

ಮಗುವನ್ನು ಬಟ್ಟೆಯಲ್ಲಿ ಸುತ್ತಿ ಸಣ್ಣತಾಯಮ್ಮ ತಲೆ ಎತ್ತಿದರೆ, ಕಾವಲಿಗೆ ಕೂತಿದ್ದ ಸಿಂಧು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಚಾಚಿದ್ದ ಕೈಗಳು ಮಡಿಲಲ್ಲಿ ಬಿದ್ದಿದ್ದವು. ಸಣ್ಣತಾಯಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುವಿಗೆ ಎಚ್ಚೆತ್ತ ಸಿಂಧು ತಾಯಿಯನ್ನು ನೋಡಿದಳು, ಮಗುವನ್ನು ನೋಡಿದಳು, ಕಣ್ಣುಜ್ಜಿಕೊಂಡು ಗಂಡನನ್ನು ಕೂಗಿದಳು. "ಯೋಗೀ, ನಿಮ್ಮಮ್ಮಂಗೆ ಹೇಳ್ಬಿಡು, ನಾಮಕರಣಕ್ಕೆ ಬಂದು ಆರಾಮಾಗಿ ಇದ್ಕೊಂಡು ಹೋಗ್ಲಿ. ಬಾಣಂತನ ನಮ್ಮಮ್ಮಂದು."

ಸಣ್ಣತಾಯಮ್ಮ ಮಗುವಿನ ಒದ್ದೆ ತಲೆಗೆ ಮುಖ ಒತ್ತಿಕೊಂಡಳು.

ಬಾಣಂತನ ಜೋರಾಗಿ ನಡೆಯಿತು. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೂರು ಡಬ್ಬಿ ಖಾರ. ನೀರನ್ನಂತೂ ಸಣ್ಣತಾಯಮ್ಮ ಮಗಳಿಗೆ ಕೇಳಿದಷ್ಟೂ ಕೊಟ್ಟಳು. ಮೊಸರಿನ ವಿಷಯಕ್ಕೆ ಮಾತ್ರ ಬೋರಮ್ಮ ಫ್ರಿಜ್ಜಿಗೆ ಅಡ್ಡ ನಿಂತಳು. "ಡಾಕ್ಟ್ರು ಸಾವ್ರ ಯೋಳ್ಲಿ. ಈ ಮನೇಲಿ ಬಾಣಂತೀಗೆ ಮೊಸ್ರು ಇಲ್ಲ." ಸಿಂಧು ಅತ್ತು ಕರೆದರೂ ಜಗ್ಗಲಿಲ್ಲ. ಹೋಗಲಿ, ಹಿರಿಯಳು ಅಂತ ಸಣ್ಣತಾಯಮ್ಮ ಸುಮ್ಮನಾದಳು.

ಏಪ್ರಿಲ್‌ನಲ್ಲಿ ಷೇರುಪೇಟೆ ಬಿತ್ತು, ಯೋಗಾನಂದನ ಸ್ಟಾರ್ಟಪ್ಪೂ ಮುಚ್ಚಿತು. ಅವನು ಎರಡು ದಿನ ಮಂಕಾಗಿದ್ದು, ಮೂರನೆಯ ದಿನ ತೊಟ್ಟಿಲಿಗೆ ಬಣ್ಣದ ಕಾಗದ ಅಂಟಿಸುತ್ತ ಕೂತ. ಮೇ ತಿಂಗಳಲ್ಲಿ ನಾಮಕರಣ. ಹಾಸನದ ಬೀಗಿತ್ತಿ ರೇಷ್ಮೆ ಸೀರೆಯಲ್ಲಿ ಬಂದು ಕೂತರು. ನಿಸರ್ಗಾ ಅಂತ ಹೆಸರು ಗೊತ್ತಾಗಿತ್ತು. ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಮಗುವಿಗೆ ಇರಲಿಲ್ಲ. "ಮುತ್ತಜ್ಜಿ ನಾನಿಲ್ವಾ?" ಎಂದು ಬೋರಮ್ಮ ಮುಂದೆ ಬಂದಳು.

ತೊಟ್ಟಿಲಿಗೆ ಬಗ್ಗಿ, ಮಗುವಿನ ಕಿವಿಗೆ ಕೈ ಅಡ್ಡ ಹಿಡಿದು, ಗುಟ್ಟಾಗಿ ಹೇಳಬೇಕೆಂದು ಬಾಯಿ ತೆರೆದಳು. ಬೋರಮ್ಮನ ಗುಟ್ಟು ಎಂಥದ್ದು ಅಂತ ಗೊತ್ತಲ್ಲ, ಬೀದಿಗೆಲ್ಲ ಕೇಳಿಸಿತು.

"ಪುಟ್ಟಲಿಂಗಮ್ಮ! ಪುಟ್ಟಲಿಂಗಮ್ಮ! ಪುಟ್ಟಲಿಂಗಮ್ಮ!"

"ಅಜ್ಜೀ, ದಟ್ಸ್ ನಾಟ್ ದ ನೇಮ್..." ಎಂದು ಶುರು ಮಾಡಿದ ಸಿಂಧು ತಾಯಿಯ ಮುಖ ನೋಡಿ ಅಲ್ಲೇ ನಿಲ್ಲಿಸಿದಳು. ಸಣ್ಣತಾಯಮ್ಮ ತೊಟ್ಟಿಲ ಹಗ್ಗ ಹಿಡಿದು ಗಳಗಳನೆ ಅಳುತ್ತಿದ್ದಳು. ತೀರಿಹೋದ ಅವ್ವ ಕೊನೆಗೂ ಬೀಗರ ಮನೆಯ ಒಳಗೆ ಬಂದಿದ್ದಳು.

"ಕಂಪ್ಯೂಟ್ರಿಗೆ ನಿಮ್ಗೆ ಬೇಕಾದ್ ಹೆಸ್ರು ಹಾಕ್ಕಳಿ. ಕಿವಿಗೆ ಇದೇಯ" ಎಂದು ಬೋರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು ಅವಳಿಗೆ ರೇಗಿತು. "ಏನ್ ಹಂಗೆ ನಿಂತ್ಕಂಡು ನೋಡೀರಿ? ಸಣ್ಣತಾಯೀ, ಅತ್ತಿದ್ದು ಸಾಕು, ಏಳು. ಸಿಂಧೂಗೆ ಒಸಿ ಮೊಸ್ರನ್ನ ಕಲಸ್ಕಂಡ್ ಬಾ. ಹಸ್ಕಂಡವ್ಳೆ ಕೂಸು."